ಸ್ವಂತ ಕಂಪನಿಯ ನಿರ್ದೇಶಕರಿಗೆ ಸರ್ಕಾರದ ವೇತನ ನೆರವು ಸಿಗುತ್ತದೆಯೇ? ಮುಂಬಯಿ, ಪುಣೆಯ ಸಣ್ಣ ಉದ್ಯಮಿಗಳಿಗೆ ಮಾರ್ಗದರ್ಶಿ

ಮುಂಬಯಿ, ಠಾಣೆ, ಪುಣೆಗಳಲ್ಲಿ ಹೋಟೆಲು, ಕೇಟರಿಂಗ್, ಸಾರಿಗೆ, ಬಿಡಿಭಾಗಗಳ ವರ್ಕ್‌ಶಾಪು ಎಂದು ಬದುಕು ಕಟ್ಟಿಕೊಂಡಿರುವ ಕನ್ನಡಿಗರಲ್ಲಿ ಹಲವರು ತಮ್ಮ ವ್ಯವಹಾರವನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ಬದಲಾಯಿಸಿಕೊಂಡಿದ್ದಾರೆ. ಕಾಗದದಲ್ಲಿ ಅವರು ಕಂಪನಿಯ ನಿರ್ದೇಶಕರು, ಆದರೆ ಯಾರಾದರೂ ಕೇಳಿದರೆ 'ಸ್ವಂತ ಉದ್ಯೋಗ' ಎನ್ನುತ್ತಾರೆ. ಕಾರ್ಮಿಕರ ವೇತನಕ್ಕೆ ನೆರವು ನೀಡುವ ಯೋಜನೆಯೊಂದನ್ನು ಕೇಂದ್ರ ಸರ್ಕಾರ ಪ್ರಕಟಿಸಿದಾಗಲೆಲ್ಲ ಅವರಿಗೆ ಒಂದು ಸಂದೇಹ ಏಳುತ್ತದೆ. ತಾನೂ ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತೇನೆ, ತಿಂಗಳಿಗಿಷ್ಟು ಎಂದು ಕಂಪನಿಯಿಂದ ಹಣವನ್ನೂ ಪಡೆಯುತ್ತೇನೆ, ಹಾಗಾದರೆ ಈ ನೆರವು ತನಗೂ ಸಲ್ಲಬೇಕಲ್ಲವೇ? ನಿರ್ದೇಶಕ ಎಂಬ ಹುದ್ದೆಯೊಂದರಿಂದಲೇ ಯಾರೂ ಅನರ್ಹರಾಗುವುದಿಲ್ಲ ಎಂಬುದು ನಿಜ. ಆದರೆ ನಿರ್ದೇಶಕರಲ್ಲಿ ಬಹುಪಾಲು ಜನ ಬೇರೆ ಕಾರಣಗಳಿಂದ ಹೊರಗುಳಿಯುತ್ತಾರೆ. ಆ ಕಾರಣಗಳನ್ನು ಅರಿತು, ತಮ್ಮ ಸ್ಥಿತಿ ಯಾವುದೆಂದು ತಾವೇ ಪರೀಕ್ಷಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಮಾಲೀಕತ್ವದ ಸ್ವರೂಪ ನೋಡಿಕೊಳ್ಳಿ

ಗುಮಾಸ್ತಾ ಲೈಸೆನ್ಸು (ಅಂಗಡಿಯ ನೋಂದಣಿ ಪತ್ರ) ನಿಮ್ಮ ಹೆಸರಿನಲ್ಲಿದ್ದು, ಜಿಎಸ್‌ಟಿ ನೋಂದಣಿಯೂ ನಿಮ್ಮ ಸ್ವಂತ ಪ್ಯಾನ್ ಮೇಲೆಯೇ ಇದ್ದರೆ ನೀವು ಏಕಮಾಲೀಕರು. ಕಾನೂನಿನ ದೃಷ್ಟಿಯಲ್ಲಿ ಅಂಗಡಿ ಬೇರೆಯಲ್ಲ, ನೀವು ಬೇರೆಯಲ್ಲ. ತನಗೆ ತಾನೇ ಸಂಬಳ ಕೊಡುವುದು ಸಾಧ್ಯವಿಲ್ಲವಾದ್ದರಿಂದ ವೇತನವನ್ನು ಆಧರಿಸಿದ ಯಾವ ಯೋಜನೆಯೂ ಏಕಮಾಲೀಕರಿಗೆ ಅನ್ವಯಿಸುವುದಿಲ್ಲ, ಅವರ ನೌಕರರಿಗೆ ಮಾತ್ರ ಅನ್ವಯಿಸುತ್ತದೆ.

ಪಾಲುದಾರಿಕೆಯ ಸಂಸ್ಥೆಯಲ್ಲಿ ಗೊಂದಲ ಸ್ವಲ್ಪ ಹೆಚ್ಚು, ಏಕೆಂದರೆ ದುಡಿಯುವ ಪಾಲುದಾರರಿಗೆ ಸಂಬಳ ಎಂಬ ಹೆಸರಿನಲ್ಲಿಯೇ ಹಣ ಕೊಡುವ ರೂಢಿಯಿದೆ. ಆದರೆ ಸಂಸ್ಥೆಯಿಂದ ಪಾಲುದಾರರು ಪಡೆಯುವ ಹಣವನ್ನು, ಅದನ್ನು ಯಾವ ಹೆಸರಿನಿಂದ ಕರೆದರೂ, ಆದಾಯ ತೆರಿಗೆ ಕಾಯಿದೆಯು ಸಂಬಳವೆಂದು ಪರಿಗಣಿಸುವುದಿಲ್ಲ. ಅದು ವ್ಯಾಪಾರದ ಆದಾಯ. ಎಲ್‌ಎಲ್‌ಪಿಯ (ಸೀಮಿತ ಹೊಣೆಯ ಪಾಲುದಾರಿಕೆ) ಪಾಲುದಾರರಿಗೂ ಇದೇ ನಿಯಮ. ಸಂಸ್ಥೆಯಿಂದ ವೇತನ ಪಡೆಯುವ ಪಾಲುದಾರರನ್ನು ನೌಕರರೆನ್ನಬಹುದೇ ಎಂಬ ಪ್ರಶ್ನೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯಿದೆಯಡಿ ರಾಮಾನುಜ ಮ್ಯಾಚ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಎನ್ನಲಾಗದು ಎಂಬ ಉತ್ತರವೇ ದೊರೆಯಿತು.

ಕಂಪನಿಯ ವಿಷಯ ಇವೆರಡಕ್ಕಿಂತ ಭಿನ್ನ. ಕಂಪನಿ ರಿಜಿಸ್ಟ್ರಾರರಲ್ಲಿ ನೋಂದಣಿಯಾದ ಕ್ಷಣದಿಂದ ಅದು ಪ್ರತ್ಯೇಕ ಕಾನೂನು ವ್ಯಕ್ತಿಯಾಗುತ್ತದೆ. ಅದರ ಷೇರುಗಳೆಲ್ಲವೂ ನಿಮ್ಮ ಕೈಯಲ್ಲಿಯೇ ಇದ್ದರೂ ಅದು ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳಬಲ್ಲದು. ಇದಕ್ಕೆ ವಕೀಲರು ಇಂದಿಗೂ ಉದ್ಧರಿಸುವ ಪ್ರಕರಣ ನ್ಯೂಜಿಲೆಂಡಿನದು. ವಿಮಾನದಿಂದ ಹೊಲಗಳಿಗೆ ಗೊಬ್ಬರ ಚೆಲ್ಲುವ ಕಂಪನಿಯೊಂದರ 3,000 ಷೇರುಗಳಲ್ಲಿ 2,999ನ್ನು ಹೊಂದಿದ್ದ ಲೀ ಎಂಬವರು ಅದರ ಆಡಳಿತ ನಿರ್ದೇಶಕರೂ ಹೌದು, ಪೈಲಟ್ಟೂ ಹೌದು. 1956ರಲ್ಲಿ ಕೆಲಸದ ಮೇಲಿದ್ದಾಗಲೇ ವಿಮಾನ ಬಿದ್ದು ಅವರು ತೀರಿಕೊಂಡರು. ಕಾರ್ಮಿಕರಿಗೆ ಸಲ್ಲುವ ಪರಿಹಾರವನ್ನು ಅವರ ಪತ್ನಿ ಕೇಳಿದಾಗ, ಒಡೆಯನೇ ಆಳಾಗುವುದು ಹೇಗೆ ಎಂಬ ಆಕ್ಷೇಪ ಬಂದಿತು. ಒಡೆಯ ಲೀ ಅಲ್ಲ, ಕಂಪನಿ. ಲೀ ಅದರ ಕೆಲಸಗಾರ ಎಂದು 1960ರಲ್ಲಿ, ಆಗ ನ್ಯೂಜಿಲೆಂಡಿಗೂ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು.

ನಮ್ಮಲ್ಲಿ ಇದಕ್ಕೆ ಸಮಾನವಾದ ತೀರ್ಪು ಬಂದದ್ದು 1997ರಲ್ಲಿ. ಅಪೆಕ್ಸ್ ಎಂಜಿನಿಯರಿಂಗ್ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರನ್ನು ಇಎಸ್‌ಐ ಕಾಯಿದೆಯಡಿ ನೌಕರರ ಲೆಕ್ಕಕ್ಕೆ ಸೇರಿಸಬೇಕೇ ಎಂಬ ವಿವಾದದಲ್ಲಿ, ಒಬ್ಬ ವ್ಯಕ್ತಿ ಏಕಕಾಲದಲ್ಲಿ ನಿರ್ದೇಶಕನೂ ಸಂಬಳ ಪಡೆಯುವ ನೌಕರನೂ ಆಗಿರಬಹುದೆಂದು ಸುಪ್ರೀಂ ಕೋರ್ಟ್ ಒಪ್ಪಿತು. ಆ ಪ್ರಕರಣದಲ್ಲಿ ನಿರ್ದೇಶಕರನ್ನು ನೌಕರರೆಂದು ಕರೆಯಲು ಹಟ ಹಿಡಿದದ್ದು ಇಎಸ್‌ಐ ನಿಗಮ, ಅದನ್ನು ವಿರೋಧಿಸಿದ್ದು ಕಂಪನಿ. ವಂತಿಗೆ ಕಟ್ಟಬೇಕಾದಾಗ ನಿರ್ದೇಶಕ ನೌಕರನಲ್ಲ, ನೆರವು ಪಡೆಯಬೇಕಾದಾಗ ನೌಕರ ಎಂಬ ವಾದ ನಮ್ಮ ಉದ್ಯಮಿಗಳ ಬಾಯಲ್ಲಿ ಸುಲಭವಾಗಿ ಬರುತ್ತದೆ. ಎರಡನ್ನೂ ಒಟ್ಟಿಗೆ ಹೇಳಲಾಗದು ಎಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

ನಿಮ್ಮ ಕೈಗೆ ಬರುವ ಹಣ ಯಾವ ಬಗೆಯದು

ನಿರ್ದೇಶಕನು ನೌಕರನೂ ಆಗಿರಬಹುದು ಎಂದ ಮಾತ್ರಕ್ಕೆ ಪ್ರತಿಯೊಬ್ಬ ನಿರ್ದೇಶಕನೂ ನೌಕರನಾಗುವುದಿಲ್ಲ. ಕಂಪನಿಯಿಂದ ನಿರ್ದೇಶಕರಿಗೆ ಹಣ ಬರುವ ದಾರಿಗಳು ಹಲವು: ಸಂಬಳ, ಸಭೆಯ ಭತ್ಯೆ, ವೃತ್ತಿಪರ ಶುಲ್ಕ, ಲಾಭಾಂಶ, ತಾನು ಕಂಪನಿಗೆ ಕೊಟ್ಟ ಸಾಲದ ಮೇಲಿನ ಬಡ್ಡಿ, ಕಂಪನಿಗೆ ಬಾಡಿಗೆಗೆ ಕೊಟ್ಟ ಗಾಳೆಯ (ವರ್ಕ್‌ಶಾಪಿನ ಮಳಿಗೆ) ಬಾಡಿಗೆ. ಇವುಗಳಲ್ಲಿ ವೇತನ ನೆರವಿನ ಯೋಜನೆಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಂಬಳವನ್ನು ಮಾತ್ರ. ವರ್ಷಾಂತ್ಯದಲ್ಲಿ ಲಾಭ ನೋಡಿಕೊಂಡು ಲಾಭಾಂಶ ತೆಗೆಯುವ ನಿರ್ದೇಶಕ, ಅದು ತನ್ನ ದುಡಿಮೆಯ ಫಲವೇ ಎಂದು ಎಷ್ಟು ನಂಬಿದ್ದರೂ, ವೇತನದಾರನಲ್ಲ.

ಇದನ್ನು ಪರೀಕ್ಷಿಸಲು ತೀರ ಸರಳವಾದ ಉಪಾಯವೊಂದಿದೆ. ಆದಾಯ ತೆರಿಗೆ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಮುರಿದುಕೊಂಡ ತೆರಿಗೆಯ ವಿವರವಿರುವ 26ಎಎಸ್ ಪಟ್ಟಿಯನ್ನು ತೆರೆದು, ನಿಮ್ಮ ಕಂಪನಿಯು ಯಾವ ಕಲಮಿನಡಿ ತೆರಿಗೆ ಮುರಿದುಕೊಂಡಿದೆ ಎಂದು ನೋಡಿ. 1961ರ ಕಾಯಿದೆಯ 192ನೆಯ ಕಲಂ ಎಂದಿದ್ದರೆ ಕಂಪನಿ ನಿಮಗೆ ಸಂಬಳ ಕೊಟ್ಟಿದೆ. 194ಜೆ ಎಂದಿದ್ದರೆ ಶುಲ್ಕ ಕೊಟ್ಟಿದೆ. ಬರಿಯ 194 ಎಂದಿದ್ದರೆ ಅದು ಲಾಭಾಂಶ. 2026ರ ಏಪ್ರಿಲ್ 1ರಿಂದ ಆರಂಭವಾಗುವ ಅವಧಿಗೆ 2025ರ ಹೊಸ ಆದಾಯ ತೆರಿಗೆ ಕಾಯಿದೆ ಅನ್ವಯಿಸುವುದರಿಂದ ಕಲಂ ಸಂಖ್ಯೆಗಳು ಬೇರೆ, ಆದರೆ ಸಂಬಳ ಮತ್ತು ಶುಲ್ಕದ ನಡುವಿನ ಗೆರೆ ಹಾಗೆಯೇ ಇದೆ. ಸಂಬಳ ತೆರಿಗೆಯ ಮಿತಿಗಿಂತ ಕಡಿಮೆಯಿದ್ದು ಪಟ್ಟಿಯಲ್ಲಿ ಏನೂ ಕಾಣದಿದ್ದರೆ ವೇತನ ಪಟ್ಟಿಯನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಜೊತೆಯಲ್ಲಿಟ್ಟು ನೋಡಬೇಕು.

ಜಿಎಸ್‌ಟಿಯೂ ಇದೇ ಗೆರೆಯನ್ನು ಒಪ್ಪಿಕೊಂಡಿದೆ. ನಿರ್ದೇಶಕರಿಗೆ ಸಂಬಳವೆಂದು ತೋರಿಸಿ 192ರಡಿ ತೆರಿಗೆ ಮುರಿದ ಮೊತ್ತಕ್ಕೆ ಜಿಎಸ್‌ಟಿ ಇಲ್ಲ, ಶುಲ್ಕವೆಂದು ತೋರಿಸಿ 194ಜೆ ಅಡಿ ಮುರಿದ ಮೊತ್ತದ ಮೇಲೆ ಕಂಪನಿಯೇ ರಿವರ್ಸ್ ಚಾರ್ಜ್ ಪ್ರಕಾರ ತೆರಿಗೆ ಕಟ್ಟಬೇಕು ಎಂದು 2020ರ ಜೂನ್ 10ರ ಸುತ್ತೋಲೆ ಹೇಳಿದೆ. ಆದ್ದರಿಂದ ಆಡಿಟರು ಹಿಂದಿನ ವರ್ಷಗಳಲ್ಲಿ ನಿಮ್ಮ ಹಣವನ್ನು ಹೇಗೆ ಬರೆದಿದ್ದಾರೆ ಎಂಬುದು ಒಂದಕ್ಕಿಂತ ಹೆಚ್ಚು ಕಡೆ ದಾಖಲಾಗಿರುತ್ತದೆ. ಒಂದು ಕಡೆ ಶುಲ್ಕ, ಇನ್ನೊಂದು ಕಡೆ ಸಂಬಳ ಎಂದು ತೋರಿಸಿದ್ದರೆ ಅದು ಒಂದಲ್ಲ ಒಂದು ದಿನ ಹೊರಬೀಳುತ್ತದೆ.

ಮಹಾರಾಷ್ಟ್ರದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಕಂಪನಿಯ ನಿರ್ದೇಶಕರೆಂಬ ಕಾರಣಕ್ಕೆ ವರ್ಷಕ್ಕೆ ₹2,500 ವೃತ್ತಿ ತೆರಿಗೆಯನ್ನು ಸ್ವಂತ ಹೆಸರಿನಲ್ಲಿ ಕಟ್ಟುವುದರಿಂದ ತಾವು ಸ್ವಯಂ ಉದ್ಯೋಗಿಗಳಾದೆವು ಎಂದು ಕೆಲವರು ಭಾವಿಸುತ್ತಾರೆ. ವೃತ್ತಿ ತೆರಿಗೆ ರಾಜ್ಯದ ವಿಷಯ; ಪಿಎಫ್ (ಭವಿಷ್ಯ ನಿಧಿ) ಕಚೇರಿಯ ಮುಂದೆ ಆ ರಶೀದಿಗೆ ಯಾವ ಅರ್ಥವೂ ಇಲ್ಲ.

ಸಂಬಳ ಎಂದು ದಾಖಲೆಯಲ್ಲಿ ಇದ್ದರಷ್ಟೇ ಸಾಲದು, ಅದರ ಹಿಂದೆ ನಿಜವಾದ ನೌಕರಿ ಇರಬೇಕು. ಕಂಪನಿಗಳ ಕಾಯಿದೆ 2013, ಪೂರ್ಣಾವಧಿ ನಿರ್ದೇಶಕ ಎಂದರೆ ಕಂಪನಿಯ ಪೂರ್ಣಾವಧಿ ನೌಕರಿಯಲ್ಲಿರುವ ನಿರ್ದೇಶಕನೂ ಸೇರುತ್ತಾನೆ ಎನ್ನುತ್ತದೆ. ಹಾಗಿದ್ದರೆ ನೇಮಕಾತಿಯ ನಿರ್ಣಯ, ಕೆಲಸದ ವಿವರ ಇರುವ ನೇಮಕಾತಿ ಪತ್ರ, ಪ್ರತಿ ತಿಂಗಳೂ ಒಂದೇ ರೀತಿಯಲ್ಲಿ ಬ್ಯಾಂಕಿನ ಮೂಲಕ ಸಂದಾಯವಾದ ಸಂಬಳ, ಫಾರ್ಮ್ 16 ಇವೆಲ್ಲವೂ ಇರಬೇಕಾದದ್ದು ಸಹಜ. ಡೊಂಬಿವಲಿಯ ಮನೆಯಲ್ಲಿದ್ದುಕೊಂಡು ವರ್ಷಕ್ಕೆ ನಾಲ್ಕು ಕಾಗದಗಳಿಗೆ ಸಹಿ ಹಾಕುವ ಪತ್ನಿಯನ್ನೋ ಅತ್ತೆಯನ್ನೋ ಎರಡನೆಯ ನಿರ್ದೇಶಕರೆಂದು ತೋರಿಸುವುದು ಸಣ್ಣ ಕಂಪನಿಗಳಲ್ಲಿ ಮಾಮೂಲು, ಅದರಲ್ಲಿ ತಪ್ಪೂ ಇಲ್ಲ. ಆದರೆ ಅವರನ್ನು ವೇತನ ಪಟ್ಟಿಗೆ ಸೇರಿಸಿ ಸರ್ಕಾರದ ನೆರವು ಕೇಳುವುದು ಬೇರೆಯೇ ಮಾತು.

ಪಿಎಫ್, ಇಎಸ್‌ಐ ಎಂಬ ಬಾಗಿಲು

ಭಾರತದಲ್ಲಿ ಇತ್ತೀಚಿನ ವರ್ಷಗಳ ವೇತನ ನೆರವು ಬಹುತೇಕ ಪಿಎಫ್ ವ್ಯವಸ್ಥೆಯ ಮೂಲಕವೇ ಹರಿದಿದೆ. ಪಿಎಫ್ ಸದಸ್ಯತ್ವವಿಲ್ಲದವರಿಗೆ, ಅವರು ನಿರ್ದೇಶಕರಿರಲಿ ಕೂಲಿಯವರಿರಲಿ, ಇಂಥ ನೆರವು ತಲುಪುವುದಿಲ್ಲ. ಪಿಎಫ್ ಕಡ್ಡಾಯವಾಗುವುದು ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ. ಅದಕ್ಕಿಂತ ಸಣ್ಣ ಸಂಸ್ಥೆ ಸ್ವಇಚ್ಛೆಯಿಂದ ಸೇರಬಹುದು. 2014ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವೇತನ ಮಿತಿ ತಿಂಗಳಿಗೆ ₹15,000. ಹೊಸದಾಗಿ ಸೇರುವಾಗಲೇ ಇದಕ್ಕಿಂತ ಹೆಚ್ಚಿನ ಪಿಎಫ್ ವೇತನ (ಪಿಎಫ್ ಲೆಕ್ಕಕ್ಕೆ ಹಿಡಿಯುವ ವೇತನ) ಇರುವವರು, ಹಿಂದೆಂದೂ ಸದಸ್ಯರಾಗಿರದಿದ್ದರೆ, ಹೊರಗುಳಿಯಬಹುದು. ಒಳಬರಬೇಕೆಂದಿದ್ದರೆ ಕಂಪನಿ ಮತ್ತು ನೌಕರ ಇಬ್ಬರೂ ಜಂಟಿಯಾಗಿ ಒಪ್ಪಿಗೆ ಕೊಡಬೇಕು. ಇಎಸ್‌ಐಗೆ ಮಿತಿ ₹21,000. ಅಲ್ಲಿ ಕಂಪನಿಯ ಪಾಲು 3.25 ಪ್ರತಿಶತ, ನೌಕರನ ಪಾಲು 0.75 ಪ್ರತಿಶತ. ಪುಣೆಯಲ್ಲಾಗಲಿ ಮುಂಬಯಿಯಲ್ಲಾಗಲಿ ಸಂಸಾರ ನಡೆಸುವಷ್ಟು ಸಂಬಳ ತೆಗೆಯುವ ನಿರ್ದೇಶಕರು ಇಎಸ್‌ಐ ಮಿತಿಯನ್ನು ದಾಟಿಯೇ ಇರುತ್ತಾರೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನೌಕರ ಎಂಬುದರ ವ್ಯಾಖ್ಯೆಯು ಮೇಲ್ವಿಚಾರಣೆ, ವ್ಯವಸ್ಥಾಪನೆ, ಆಡಳಿತದ ಕೆಲಸ ಮಾಡುವವರನ್ನೂ ಒಳಗೊಳ್ಳುತ್ತದೆ. ಆದರೆ ಆ ವ್ಯಾಖ್ಯೆಯೂ ವೇತನಕ್ಕಾಗಿ ನೇಮಿಸಲ್ಪಟ್ಟಿರಬೇಕು ಎಂದೇ ಆರಂಭವಾಗುತ್ತದೆ. ಹುದ್ದೆಯ ಹೆಸರು ಅಡ್ಡಿಯಲ್ಲ, ನೇಮಕ ಮತ್ತು ವೇತನ ಇಲ್ಲದಿರುವುದು ಅಡ್ಡಿ.

ಕೊರೊನಾ ಕಾಲದ ಯೋಜನೆಗಳನ್ನು ಈ ಬೆಳಕಿನಲ್ಲಿ ನೋಡಿದರೆ ನಿರ್ದೇಶಕರು ಏಕೆ ಹೊರಗುಳಿದರು ಎಂಬುದು ಸ್ಪಷ್ಟವಾಗುತ್ತದೆ. 2020ರಲ್ಲಿ ಗರೀಬ್ ಕಲ್ಯಾಣ್ ಯೋಜನೆಯಡಿ ಕೇಂದ್ರ ಸರ್ಕಾರ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ವೇತನಕ್ಕೆ ಪಿಎಫ್‌ನ ಎರಡೂ ಪಾಲುಗಳನ್ನು, ಅಂದರೆ 24 ಪ್ರತಿಶತವನ್ನು ತಾನೇ ಕಟ್ಟಿತು. ಆದರೆ 100 ಜನರವರೆಗಿನ, ಅವರಲ್ಲಿ 90 ಪ್ರತಿಶತ ಮಂದಿ ₹15,000ಕ್ಕಿಂತ ಕಡಿಮೆ ಪಡೆಯುವ ಸಂಸ್ಥೆಗಳಿಗೆ ಮಾತ್ರ, ಅದರಲ್ಲೂ ಆ ಮಿತಿಯೊಳಗಿನ ನೌಕರರಿಗೆ ಮಾತ್ರ. ಅದೇ ವರ್ಷ ಅಕ್ಟೋಬರ್ 1ರಿಂದ ಅನ್ವಯವಾದ ಆತ್ಮನಿರ್ಭರ್ ಭಾರತ್ ರೋಜ್‌ಗಾರ್ ಯೋಜನೆಯೂ ₹15,000ದ ಗೆರೆಯನ್ನೇ ಇಟ್ಟುಕೊಂಡು, ಹೊಸದಾಗಿ ಸೇರಿದವರಿಗಷ್ಟೇ ಎಂಬ ಷರತ್ತನ್ನೂ ಸೇರಿಸಿತು. ನಿರ್ದೇಶಕರನ್ನು ಹೊರಗಿಡುತ್ತೇವೆ ಎಂದು ಯಾರೂ ಬರೆಯಲಿಲ್ಲ, ಬರೆಯುವ ಅಗತ್ಯವೂ ಬರಲಿಲ್ಲ.

ಬ್ರಿಟನ್ನಿನಲ್ಲಿ ನಡೆದದ್ದು ಬೇರೆ. ಅಲ್ಲಿ 2020ರ ಮಾರ್ಚ್ 20ರಂದು ಪ್ರಕಟವಾದ ಯೋಜನೆಯಲ್ಲಿ ಕೆಲಸವಿಲ್ಲದೆ ಕೂತ ನೌಕರರ ವೇತನದ 80 ಪ್ರತಿಶತವನ್ನು, ತಿಂಗಳಿಗೆ 2,500 ಪೌಂಡ್ ಮಿತಿಗೆ ಒಳಪಟ್ಟು, ಸರ್ಕಾರ ಭರಿಸಿತು. ವೇತನ ಪಟ್ಟಿಯಲ್ಲಿದ್ದ ನಿರ್ದೇಶಕರಿಗೂ ಅದು ಸಿಕ್ಕಿತು, ಆದರೆ ಅವರು ಕಾನೂನುಬದ್ಧ ಕರ್ತವ್ಯಗಳನ್ನು ಬಿಟ್ಟು ಕಂಪನಿಗಾಗಿ ಬೇರೆ ಕೆಲಸ ಮಾಡುವಂತಿರಲಿಲ್ಲ, ಮತ್ತು ಲಾಭಾಂಶವನ್ನು ವೇತನದಲ್ಲಿ ಸೇರಿಸುವಂತಿರಲಿಲ್ಲ. ಸಣ್ಣ ಸಂಬಳ, ದೊಡ್ಡ ಲಾಭಾಂಶ ಎಂಬ ಪದ್ಧತಿಯಲ್ಲಿ ಸ್ವಂತ ಲಿಮಿಟೆಡ್ ಕಂಪನಿಯ ಮೂಲಕ ದುಡಿಯುತ್ತಿದ್ದವರಿಗೆ ಹೀಗೆ ಕೈಗೆ ಬಂದದ್ದು ಅತ್ಯಲ್ಪ. ಸ್ವಯಂ ಉದ್ಯೋಗಿಗಳಿಗೆಂದು ಅಲ್ಲಿ ಇನ್ನೊಂದು ಯೋಜನೆಯಿತ್ತಾದರೂ ಅದು ಏಕಮಾಲೀಕರಿಗೆ ಮತ್ತು ಪಾಲುದಾರರಿಗೆ ಮೀಸಲಾಗಿತ್ತು. ಎರಡಕ್ಕೂ ಪೂರ್ತಿಯಾಗಿ ಸೇರದೆ ನಡುವೆ ಉಳಿದವರು ನಿರ್ದೇಶಕರೇ. ಅಂಥ ಕಂಪನಿ ಇಟ್ಟುಕೊಂಡು ಅಲ್ಲಿ ಕೆಲಸ ಮಾಡುತ್ತಿರುವ ಬಂಧುಗಳು ಕೊಡುವ ಸಲಹೆಯನ್ನು ಪುಣೆಯ ಕಂಪನಿಗೆ ಹಾಗೆಯೇ ಅನ್ವಯಿಸಬೇಡಿ. ನಮ್ಮಲ್ಲಿ ಸ್ವಯಂ ಉದ್ಯೋಗಿಗಳ ನಷ್ಟವಾದ ಆದಾಯವನ್ನು ಹಾಗೆ ತುಂಬಿಕೊಟ್ಟ ಯೋಜನೆಯೇ ಇರಲಿಲ್ಲ.

ಈಗಿನ ಯೋಜನೆಯಲ್ಲಿ ನಿಮ್ಮ ಸ್ಥಾನ

ಈಗ ನೋಡಬೇಕಾದದ್ದು ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. ₹99,446 ಕೋಟಿಯ ಈ ಯೋಜನೆಗೆ 2025ರ ಜುಲೈ 1ರಂದು ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಉದ್ಯೋಗಗಳಿಗೆ ಇದು ಅನ್ವಯಿಸುತ್ತದೆ. ಇದರಲ್ಲಿ ವೇತನದ ಮಿತಿ ತಿಂಗಳಿಗೆ ₹1 ಲಕ್ಷಕ್ಕೆ ಏರಿರುವುದರಿಂದ, ಹಿಂದಿನ ಯೋಜನೆಗಳಲ್ಲಿ ಮಿತಿಯಿಂದಲೇ ಹೊರಬಿದ್ದಿದ್ದ ನಿರ್ದೇಶಕರಿಗೆ ಪ್ರಶ್ನೆ ಮತ್ತೆ ಹುಟ್ಟಿಕೊಂಡಿದೆ.

ಯೋಜನೆಯ ಮೊದಲ ಭಾಗ ನೌಕರನಿಗೆ. ಪಿಎಫ್‌ಗೆ ಮೊದಲ ಬಾರಿ ಸೇರುವವರಿಗೆ ಒಂದು ತಿಂಗಳ ಪಿಎಫ್ ವೇತನದಷ್ಟು ಹಣ, ಗರಿಷ್ಠ ₹15,000, ಎರಡು ಕಂತುಗಳಲ್ಲಿ ಸಿಗುತ್ತದೆ: ಆರು ತಿಂಗಳ ಸೇವೆಯ ನಂತರ ಒಂದು, ಹನ್ನೆರಡು ತಿಂಗಳ ಸೇವೆ ಮತ್ತು ಹಣಕಾಸು ಸಾಕ್ಷರತೆಯ ಪಾಠ ಮುಗಿಸಿದ ನಂತರ ಇನ್ನೊಂದು. ಇಲ್ಲಿ ಮೊದಲ ಬಾರಿ ಎಂಬ ಮಾತೇ ಬಹುಪಾಲು ನಿರ್ದೇಶಕರನ್ನು ತಡೆಯುತ್ತದೆ. ನಮ್ಮವರಲ್ಲಿ ಹೆಚ್ಚಿನವರು ಸ್ವಂತ ಉದ್ಯಮಕ್ಕೆ ಮೊದಲು ಭೋಸರಿ, ಚಾಕಣ, ಅಂಧೇರಿಯ ಯಾವುದಾದರೂ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ದುಡಿದವರು. ಹಳೆಯ ಪಿಎಫ್ ಹಣವನ್ನು ಪೂರ್ತಿ ಹಿಂಪಡೆದಿದ್ದರೂ ಸದಸ್ಯರಾಗಿದ್ದರೆಂಬುದು ಅಳಿಯುವುದಿಲ್ಲ.

ಎರಡನೆಯ ಭಾಗ ಕಂಪನಿಗೆ, ಮತ್ತು ನನ್ನ ಅಭಿಪ್ರಾಯದಲ್ಲಿ ನಿರ್ದೇಶಕರು ಗಮನ ಕೊಡಬೇಕಾದದ್ದು ಇದಕ್ಕೇ. ಹೆಚ್ಚುವರಿಯಾಗಿ ನೇಮಿಸಿಕೊಂಡ ಪ್ರತಿ ನೌಕರನಿಗೆ ಪಿಎಫ್ ವೇತನ ₹10,000ದವರೆಗಿದ್ದರೆ ತಿಂಗಳಿಗೆ ₹1,000ದವರೆಗೆ, ಅದಕ್ಕಿಂತ ಮೇಲೆ ₹20,000ದವರೆಗಿದ್ದರೆ ₹2,000, ಅದಕ್ಕೂ ಮೇಲೆ ₹1 ಲಕ್ಷದವರೆಗಿದ್ದರೆ ₹3,000 ಕಂಪನಿಗೆ ದೊರೆಯುತ್ತದೆ. ಈಗಾಗಲೇ 50ಕ್ಕಿಂತ ಕಡಿಮೆ ನೌಕರರಿರುವ ಕಂಪನಿ ಕನಿಷ್ಠ ಇಬ್ಬರನ್ನು, 50 ಅಥವಾ ಹೆಚ್ಚು ಇರುವ ಕಂಪನಿ ಕನಿಷ್ಠ ಐವರನ್ನು ಹೆಚ್ಚುವರಿಯಾಗಿ ಸೇರಿಸಿಕೊಂಡು, ಆರು ತಿಂಗಳಾದರೂ ಉಳಿಸಿಕೊಳ್ಳಬೇಕು. ನೆರವು ಎರಡು ವರ್ಷ. ಉತ್ಪಾದನಾ ಕ್ಷೇತ್ರಕ್ಕೆ ನಾಲ್ಕು ವರ್ಷ.

ಭೋಸರಿಯಲ್ಲಿ ವಾಹನದ ಬಿಡಿಭಾಗ ತಯಾರಿಸುವ, 30 ಜನರಿರುವ ಕಂಪನಿಯೊಂದನ್ನು ಊಹಿಸಿಕೊಳ್ಳಿ. ಅದು ₹18,000 ಪಿಎಫ್ ವೇತನದ ಇಬ್ಬರು ಆಪರೇಟರುಗಳನ್ನು ಹೊಸದಾಗಿ ಸೇರಿಸಿಕೊಂಡು ಉಳಿಸಿಕೊಂಡರೆ ತಿಂಗಳಿಗೆ ₹4,000, ನಾಲ್ಕು ವರ್ಷಗಳಲ್ಲಿ ₹1,92,000 ಕಂಪನಿಯ ಪ್ಯಾನ್ ಜೋಡಿಸಿದ ಖಾತೆಗೆ ಬರುತ್ತದೆ. ಮಾಲೀಕರು ತಮ್ಮ ಹೆಸರನ್ನು ಹೇಗಾದರೂ ತುರುಕಿ ಪಡೆಯಬಹುದಾದ ಒಂದು ಬಾರಿಯ ₹15,000ಕ್ಕಿಂತ ಇದು ಬಹಳ ದೊಡ್ಡದು, ಮತ್ತು ನಿಶ್ಚಿಂತೆಯದು.

ನಿರ್ದೇಶಕರನ್ನೇ ಹೆಚ್ಚುವರಿ ನೌಕರರ ಲೆಕ್ಕಕ್ಕೆ ಸೇರಿಸಬಹುದೇ ಎಂದು ಕೇಳುವವರಿದ್ದಾರೆ. ಕಂಪನಿ ಆರಂಭವಾದ ದಿನದಿಂದ ಅದನ್ನು ನಡೆಸುತ್ತಿರುವ ವ್ಯಕ್ತಿಯನ್ನು ಈಗ ಪಿಎಫ್‌ಗೆ ಸೇರಿಸಿ ಹೊಸ ಉದ್ಯೋಗ ಸೃಷ್ಟಿಯಾಯಿತೆಂದು ತೋರಿಸುವುದು ಯೋಜನೆಯ ಉದ್ದೇಶಕ್ಕೇ ವಿರುದ್ಧವಾದದ್ದು. ಪರಿಶೀಲನೆಯಲ್ಲಿ ಅದನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ಮಗನೋ ಮಗಳೋ ಓದು ಮುಗಿಸಿ ನಿಜವಾಗಿಯೂ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರೆ ಆ ಮಾತು ಬೇರೆ. ಆಗ ಬೇರೆ ಯಾವ ನೌಕರನಿಗೂ ಕೊಡುವಂತೆ ನೇಮಕಾತಿ ಪತ್ರ, ಅದೇ ಕೆಲಸಕ್ಕೆ ಹೊರಗಿನವರಿಗೆ ಕೊಡುವಷ್ಟೇ ಸಂಬಳ, ಹಾಜರಿ, ಬ್ಯಾಂಕ್ ಸಂದಾಯ ಇವು ಮೊದಲ ದಿನದಿಂದಲೇ ಇರಲಿ. ಬಂಧುಗಳಿಗೆ ಮಿತಿಮೀರಿದ ಸಂಬಳ ಕೊಟ್ಟರೆ ಹೆಚ್ಚುವರಿ ಭಾಗವನ್ನು ಖರ್ಚೆಂದು ಒಪ್ಪದಿರುವ ಅಧಿಕಾರ ಆದಾಯ ತೆರಿಗೆ ಅಧಿಕಾರಿಗಿದೆ ಎಂಬುದೂ ನೆನಪಿರಲಿ.

ಈಗ ಮಾಡಬೇಕಾದದ್ದು

ನೀವು ನಿಜವಾಗಿಯೂ ಪೂರ್ಣಾವಧಿ ದುಡಿಯುತ್ತಿದ್ದು ಇದುವರೆಗೆ ಶುಲ್ಕವೋ ಲಾಭಾಂಶವೋ ಪಡೆಯುತ್ತಿದ್ದರೆ, ಮುಂದಿನ ತಿಂಗಳಿನಿಂದ ಸಂಬಳಕ್ಕೆ ಬದಲಾಯಿಸಿಕೊಳ್ಳಲು ಅಡ್ಡಿಯಿಲ್ಲ. ಮಂಡಳಿಯ ಸಭೆಯಲ್ಲಿ ನಿರ್ಣಯ ಮಾಡಿ, ನೇಮಕಾತಿಯ ಷರತ್ತುಗಳನ್ನು ಬರೆದು, ವೇತನ ಪಟ್ಟಿಗೆ ಸೇರಿಸಿ, ಪಿಎಫ್‌ಗೆ ಸೇರುವ ಇಚ್ಛೆಯಿದ್ದರೆ ಜಂಟಿ ಒಪ್ಪಿಗೆ ಕೊಡಬೇಕು. ಇದರಿಂದ ಈಗಿನ ಯೋಜನೆಯ ನೆರವು ಸಿಗದೆ ಹೋಗಬಹುದು, ಆದರೆ ಮುಂದೆ ಎಂದಾದರೂ ಬ್ರಿಟನ್ನಿನ ಮಾದರಿಯ ಯೋಜನೆ ಬಂದರೆ ದಾಖಲೆಗಳು ಸಿದ್ಧವಿರುತ್ತವೆ. ಅಲ್ಲಿಯವರೆಗೆ ಪಿಎಫ್ ಉಳಿತಾಯವಂತೂ ಆಗುತ್ತದೆ. ಹಿಂದಿನ ತಾರೀಖು ಹಾಕಿ ನಿರ್ಣಯ ಬರೆಯುವುದು, ಹಳೆಯ ತಿಂಗಳುಗಳ ಶುಲ್ಕವನ್ನು ಈಗ ಸಂಬಳವೆಂದು ತಿದ್ದುವುದು ಮಾತ್ರ ಬೇಡ. ತಡವಾಗಿ ಕಟ್ಟಿದ ಪಿಎಫ್‌ಗೆ ಬಡ್ಡಿಯೂ ದಂಡವೂ ಬೀಳುತ್ತದೆ, ಅದರ ಮೇಲೆ ಟಿಡಿಎಸ್ ಮತ್ತು ಜಿಎಸ್‌ಟಿ ದಾಖಲೆಗಳು ಬೇರೆ ಕಥೆ ಹೇಳುತ್ತವೆ.

ನೌಕರರ ಪರವಾಗಿ ನೆರವು ಪಡೆಯಲು ಹೊರಟವರು, ಹೊಸ ನೌಕರನ ಯುಎಎನ್ ಸಂಖ್ಯೆಯನ್ನು (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ದೃಢೀಕರಣದ ಮೂಲಕ ಮಾಡಿಸಿ, ಅವನ ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆಯಾಗಿದೆಯೇ ಎಂದು ನೋಡಿ, ಪ್ರತಿ ತಿಂಗಳ ಇಸಿಆರ್ (ಪಿಎಫ್ ವಂತಿಗೆಯ ವಿವರಪಟ್ಟಿ) ಮತ್ತು ಚಲನನ್ನು ಗಡುವಿನೊಳಗೆ ಸಲ್ಲಿಸಬೇಕು. ಊರಿನಿಂದ ಹೊಸದಾಗಿ ಬಂದ ಹುಡುಗರ ಆಧಾರ್‌ನಲ್ಲಿ ಹೆಸರು ಒಂದು ಬಗೆ, ಶಾಲೆಯ ದಾಖಲೆಯಲ್ಲಿ ಇನ್ನೊಂದು ಬಗೆ ಇರುವುದು ತೀರ ಸಾಮಾನ್ಯ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಅದನ್ನು ಸರಿಪಡಿಸಿದರೆ ಆರು ತಿಂಗಳ ನಂತರ ಕಂತು ನಿಂತುಹೋಗುವ ಪ್ರಸಂಗ ಬರುವುದಿಲ್ಲ.

ಏಕಮಾಲೀಕರಾಗಿ ಉಳಿದಿರುವ ಸಣ್ಣ ವ್ಯಾಪಾರಿಗಳಿಗೆ ವೇತನ ನೆರವಿನ ಬದಲು ಪಿಂಚಣಿಯ ದಾರಿಯೊಂದಿದೆ. 18ರಿಂದ 40 ವರ್ಷದೊಳಗಿನ, ವಾರ್ಷಿಕ ವಹಿವಾಟು ₹1.5 ಕೋಟಿ ಮೀರದ ವ್ಯಾಪಾರಿಗಳು ಲಘು ವ್ಯಾಪಾರಿ ಮಾನ್‌ಧನ್ ಯೋಜನೆಗೆ ಸೇರಿದರೆ 60 ವರ್ಷದ ನಂತರ ತಿಂಗಳಿಗೆ ₹3,000 ಪಿಂಚಣಿ ಬರುತ್ತದೆ. ಆದಾಯ ತೆರಿಗೆ ಕಟ್ಟುವವರಿಗೆ ಇದು ಇಲ್ಲ.

ನಿಮ್ಮ ಸ್ಥಿತಿಯ ಬಗ್ಗೆ ಇನ್ನೂ ಸಂದೇಹವಿದ್ದರೆ ಸಿಎ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ನಿಲ್ಲದೆ, ನಿಮ್ಮ ಸಂಸ್ಥೆ ಯಾವ ಪ್ರಾದೇಶಿಕ ಪಿಎಫ್ ಕಚೇರಿಯ ವ್ಯಾಪ್ತಿಗೆ ಬರುತ್ತದೆಯೋ, ಬಾಂದ್ರಾ ಇರಲಿ, ಠಾಣೆ ಇರಲಿ, ಪುಣೆ ಇರಲಿ, ಅಲ್ಲಿಗೆ ಲಿಖಿತವಾಗಿ ಕೇಳಿ ಅಥವಾ ಪಿಎಫ್ ಸಂಸ್ಥೆಯಾದ ಇಪಿಎಫ್‌ಒದ ದೂರು ಜಾಲತಾಣದ ಮೂಲಕ ಕೇಳಿ. ಪತ್ರದಲ್ಲಿ ಸಂಸ್ಥೆಯ ಪಿಎಫ್ ಕೋಡು, ನಿಮ್ಮ ಹುದ್ದೆ, ನೇಮಕದ ದಿನಾಂಕ, ಸಂಬಳದ ಮೊತ್ತ, ಅದರ ಮೇಲೆ ಮುರಿದ ತೆರಿಗೆಯ ಕಲಂ, ನಿಮ್ಮಲ್ಲಿರುವ ಷೇರುಗಳ ಪ್ರಮಾಣ, ಹಿಂದೆ ಯುಎಎನ್ ಇತ್ತೇ ಎಂಬ ವಿವರ ಇರಲಿ. ಷೇರುಗಳ ವಿಷಯವನ್ನು ಮುಚ್ಚಿಟ್ಟು ಪಡೆದ ಉತ್ತರದಿಂದ ಮುಂದೆ ನಿಮಗೆ ಯಾವ ರಕ್ಷಣೆಯೂ ಸಿಗುವುದಿಲ್ಲ. ಉತ್ತರ ಬಂದ ಮೇಲೆ ಅದನ್ನು ಮಂಡಳಿಯ ನಿರ್ಣಯದ ಪ್ರತಿಯೊಂದಿಗೆ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.